ನಾಲ್ಕು ಕಂಬದ ಮಂಟಪ: ಕಟ್ಟಡ ನಕ್ಷೆಯ ಮೊದಲ ಪಾಠಗಳು

ಚರಿತ್ರೆಯನ್ನು ಐಚ್ಛಿಕ ವಿಷಯವಾಗಿ ಓದುವವನಿಗೆ ಕಟ್ಟಡದ ನಕ್ಷೆಯ ಗೊಡವೆ ಏಕೆ ಎಂದು ಮಿತ್ರರು ನನ್ನನ್ನು ಕೇಳಿದ್ದುಂಟು. ಅದಕ್ಕೆ ಕಾರಣ ನನ್ನ ಮನೆಯಲ್ಲಿಯೇ ಇದೆ. ನನ್ನ ತಂದೆಯವರು ಗಾರೆ ಕೆಲಸದವರು. ಕನಕಪುರ, ರಾಮನಗರಗಳಲ್ಲಿ ಅವರು ಎಬ್ಬಿಸಿದ ಗೋಡೆಗಳಿಗೆ ಲೆಕ್ಕವಿಲ್ಲ. ಆದರೆ ನಕ್ಷೆ ಓದಲು ಅವರಿಗೆ ಬಾರದು. ಒಮ್ಮೆ ನಕ್ಷೆಯಲ್ಲಿ ಕೋಣೆಯ ಅಗಲ 12 ಅಡಿ ಎಂದು ಬರೆದಿತ್ತು. ಅದು ಗೋಡೆಯ ನಡುವಿನಿಂದ ಗೋಡೆಯ ನಡುವಿಗೆ ಹಿಡಿದ ಅಳತೆ. ತಂದೆಯವರು ಅದನ್ನು ಒಳ ಅಳತೆ ಎಂದು ತಿಳಿದರು. 9 ಅಂಗುಲದ ಗೋಡೆಗಳಾದುದರಿಂದ ಕೋಣೆ 9 ಅಂಗುಲ ಹಿಗ್ಗಿತು. ಗೋಡೆ ಕೆಡವಬೇಕಾಯಿತು, ವಾರದ ಕೂಲಿ ಹೋಯಿತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ ಆದರೂ ಆ ಹಾಳೆ ನನಗೂ ಅರ್ಥವಾಗಿರಲಿಲ್ಲ. ಆ ನಾಚಿಕೆಯೇ ನನ್ನನ್ನು ಕಳೆದ ವರ್ಷ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರ ಮನೆಯ ಬಾಗಿಲಿಗೆ ಕರೆದೊಯ್ದಿತು.

ಮೇಷ್ಟ್ರು ಕೊಟ್ಟ ಸಾಮಗ್ರಿ ಅಲ್ಪ: ಒಂದು ಡ್ರಾಯಿಂಗ್ ಹಲಗೆ, ಟಿ-ಸ್ಕ್ವೇರ್, ಎರಡು ಮೂಲೆಮಟ್ಟದ ಪಟ್ಟಿಗಳು, ಸ್ಕೇಲು ಮತ್ತು ಮೂರು ಪೆನ್ಸಿಲು. ತೆಳುಗೆರೆಗೆ 2ಎಚ್, ನಡುಗೆರೆಗೆ ಎಚ್‌ಬಿ, ದಪ್ಪಗೆರೆಗೆ 2ಬಿ. "ಗೆರೆಯ ದಪ್ಪವೂ ಒಂದು ಭಾಷೆ" ಎಂದರು ಅವರು. ಎಲ್ಲ ಗೆರೆಗಳನ್ನೂ ಒಂದೇ ದಪ್ಪದಲ್ಲಿ ಎಳೆದರೆ ಗೋಡೆ ಯಾವುದು, ಮೆಟ್ಟಿಲು ಯಾವುದು ಎಂಬುದು ನೋಡುವವನಿಗೆ ತಿಳಿಯದು.

ನಕ್ಷೆಗಳಲ್ಲಿ ಮುಖ್ಯವಾದುವು ಮೂರು. ಕಟ್ಟಡವನ್ನು ಸುಮಾರು ಎದೆಮಟ್ಟದಲ್ಲಿ ಅಡ್ಡಲಾಗಿ ಕೊಯ್ದು, ಮೇಲಿನದನ್ನು ತೆಗೆದಿಟ್ಟು, ಕೆಳಗೆ ನೋಡಿದರೆ ಕಾಣುವುದು ತಳವಿನ್ಯಾಸ. ಎದುರಿಗೆ ನಿಂತು, ದೂರ-ಹತ್ತಿರಗಳ ಭೇದವಿಲ್ಲದೆ ಬರೆಯುವುದು ಮುಂಭಾಗದ ನೋಟ. ಹಲಸಿನ ಹಣ್ಣನ್ನು ಸೀಳಿದಂತೆ ಮೇಲಿನಿಂದ ಕೆಳಕ್ಕೆ ಸೀಳಿ ಒಳಗನ್ನು ತೋರಿಸುವುದು ಸೀಳುನೋಟ. ಕೊಯ್ದ ಭಾಗಕ್ಕೆ ಯಾವಾಗಲೂ ದಪ್ಪ ಗೆರೆ. ಇಷ್ಟು ತಿಳಿದ ಮೇಲೆ ಯಾವ ನಕ್ಷೆಯನ್ನು ಕಂಡರೂ ಭಯವಿಲ್ಲ.

ಮೊದಲು ಮಧ್ಯರೇಖೆಯನ್ನು ಹಾಕಬೇಕು ಎಂಬುದು ಮುಂದಿನ ಪಾಠ. ಚನ್ನಪಟ್ಟಣದ ಬೊಂಬೆಗಳನ್ನು ನಾವೆಲ್ಲ ಬಲ್ಲೆವು. ಹಾಲೆ ಮರದ ತುಂಡು ತಿರುಗುತ್ತಿರುವಾಗ ಕುಶಲಿಯು ಉಳಿಯನ್ನು ಒಂದೇ ಬದಿಗೆ ಹಿಡಿದರೂ ಬುಗುರಿ ಸುತ್ತಲೂ ಒಂದೇ ಆಕಾರ ತಾಳುತ್ತದೆ. ಅಂತಹ ವಸ್ತುವಿಗೆ ಮಧ್ಯರೇಖೆಯ ಒಂದು ಬದಿಯನ್ನು ಸರಿಯಾಗಿ ಬರೆದರೆ ಸಾಕು, ಇನ್ನೊಂದು ಬದಿ ತಾನಾಗಿ ಸಿದ್ಧಿಸುತ್ತದೆ. ಕಂಬಕ್ಕೂ ಗೋಪುರಕ್ಕೂ ಇದೇ ನ್ಯಾಯ ಎಂದುಕೊಂಡೆ. ಆ ಆತುರದಲ್ಲಿಯೇ ನಾನು ಎಡವಿದ್ದು.

ನಮ್ಮೂರ ಕೆರೆ ಏರಿಯ ಮಗ್ಗುಲಲ್ಲಿ ನಾಲ್ಕು ಕಂಬದ ಕಲ್ಲಿನ ಮಂಟಪವಿದೆ. ಅದನ್ನೇ ಬರೆಯಲು ಮೇಷ್ಟ್ರು ಹೇಳಿದರು. ಕಂಬದ ನಡುವಿನಿಂದ ಕಂಬದ ನಡುವಿಗೆ ಅಳೆದೆ: ನಾಲ್ಕು ಕಡೆಯೂ 2.40 ಮೀಟರ್. ಒಂದಕ್ಕೆ ಇಪ್ಪತ್ತರ ಮಾನದಲ್ಲಿ ಅದು ಹಾಳೆಯ ಮೇಲೆ 12 ಸೆಂಟಿಮೀಟರ್. ಅಂದವಾದ ಚೌಕ ಬರೆದು ರಾತ್ರಿ ತಂದೆಯವರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಮೂಲೆಯಿಂದ ಮೂಲೆಗೆ ಟೇಪು ಹಿಡಿದ್ಯೇನ್ಲಾ?" ಎಂದರು. ನಾನು ಹಿಡಿದಿರಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ಟೇಪಿನ ಒಂದು ತುದಿ ಹಿಡಿದರು. ಒಂದು ಕರ್ಣ 3.46 ಮೀಟರ್, ಇನ್ನೊಂದು 3.33. ಚೌಕವಾಗಿದ್ದರೆ ಎರಡೂ 3.39 ಇರಬೇಕಾಗಿತ್ತು. ನಾಲ್ಕು ಬದಿ ಸಮವಿದ್ದರೂ ಮಂಟಪ ಒಂದು ಕಡೆಗೆ ವಾಲಿದ ಚೌಕವಾಗಿತ್ತು. ಮೂಲೆ ನೋಡುವ ತಮ್ಮ ಕ್ರಮವನ್ನೂ ಅವರು ತೋರಿಸಿದರು: ಒಂದು ಬದಿಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಹಾಕಿದರೆ ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರಬೇಕು. ನಾನು ರೇಖಾಗಣಿತದಲ್ಲಿ ಪೈಥಾಗೊರಸ್ ಹೆಸರಿನಲ್ಲಿ ಬಾಯಿಪಾಠ ಮಾಡಿದ್ದನ್ನು ಅವರು ದಿನವೂ ದಾರ ಹಿಡಿದು ನಡೆಸಿಕೊಂಡು ಬಂದಿದ್ದಾರೆ.

ಇನ್ನು ನೆರಳಿನ ವಿಷಯ. ಮುಂಭಾಗದ ನೋಟದಲ್ಲಿ ಯಾವ ಭಾಗ ಮುಂದಿದೆ, ಯಾವುದು ಹಿಂದಿದೆ ಎಂಬುದು ಬರಿಯ ಗೆರೆಯಿಂದ ಕಾಣದು. ಅದಕ್ಕಾಗಿ ಬೆಳಕು ಎಡಮೇಲಿನಿಂದ ಬರುತ್ತಿದೆ ಎಂದು ಭಾವಿಸಿ, ನಕ್ಷೆಯ ಮೇಲೆ 45 ಡಿಗ್ರಿಯ ಓರೆಯಲ್ಲಿ ನೆರಳು ಬಿಡಿಸುವ ಸಂಪ್ರದಾಯವಿದೆ. ಇದರ ಪ್ರಯೋಜನವೇನೆಂದರೆ, ಚಾಚಿದ ಭಾಗ ಎಷ್ಟು ಮುಂದಿದೆಯೋ ನೆರಳೂ ಅಷ್ಟೇ ಕೆಳಗಿಳಿಯುತ್ತದೆ. ಮಂಟಪದ ಸಜ್ಜೆ 45 ಸೆಂಟಿಮೀಟರ್ ಚಾಚಿದೆ. ನೆರಳೂ 45, ಹಾಳೆಯಲ್ಲಿ 2.25 ಸೆಂಟಿಮೀಟರ್. ಬಣ್ಣ ತುಂಬುವಾಗ ತಿಳಿಯಾದ ಮಸಿನೀರನ್ನು ಒಂದು ಪದರ ಬಳಿದು, ಒಣಗಿದ ಮೇಲೆ ಮತ್ತೊಂದನ್ನು ಬಳಿಯಬೇಕು. ಒಮ್ಮೆಗೇ ಕಪ್ಪು ಮಾಡಲು ಹೋಗಿ ನಾನು ಎರಡು ಹಾಳೆ ಕೆಡಿಸಿದೆ.

ಕಣ್ಣಿಗೆ ಕಂಡಂತೆ ಬರೆಯುವ ಚಿತ್ರದ ದಾರಿ ಬೇರೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿಯ ಸಾವನದುರ್ಗವನ್ನು ಹಿಡಿಯಿತು. ಆ ಯುದ್ಧಕಾಲದಲ್ಲಿ ಸೈನ್ಯದೊಡನೆ ಇದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಮೈಸೂರು ಸೀಮೆಯ ದೃಶ್ಯಗಳ ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ಸಾವನದುರ್ಗವೂ ಇದೆ. ಅಂತಹ ಚಿತ್ರದಲ್ಲಿ ದೂರದ್ದು ಕಿರಿದಾಗಿ, ಹತ್ತಿರದ್ದು ಹಿರಿದಾಗಿ ತೋರುತ್ತದೆ. ನೋಡಲು ಸೊಗಸು, ಆದರೆ ಅದರ ಮೇಲೆ ಸ್ಕೇಲು ಇಟ್ಟು ಗೋಡೆ ಕಟ್ಟಲಾಗದು. ಅಳತೆಯ ನಕ್ಷೆಯಿದ್ದರೆ, ನಾಳೆ ನಮ್ಮ ಮಂಟಪ ಬಿದ್ದರೂ ಅದೇ ಕಲ್ಲುಗಳನ್ನು ಅದೇ ಜಾಗದಲ್ಲಿ, ಅದೇ ವಾಲುವಿನಲ್ಲಿ ನಿಲ್ಲಿಸಬಹುದು.

ಈಗ ತಂದೆಯವರು ಹೊಸ ಕೆಲಸ ಹಿಡಿದಾಗ ನಕ್ಷೆಯ ಪ್ರತಿಯನ್ನು ಮನೆಗೆ ತರುತ್ತಾರೆ. ನಾನು ಓದಿ ಹೇಳುತ್ತೇನೆ, ಅವರು ಬೆರಳಿಟ್ಟು, "ಇದು ನಡು ಅಳತೆಯೋ, ಒಳ ಅಳತೆಯೋ?" ಎಂದು ಕೇಳುತ್ತಾರೆ. ಹೋದ ತಿಂಗಳು ನನಗಿಂತ ಮೊದಲು ಅವರೇ ಒಂದು ತಪ್ಪು ಕಂಡುಹಿಡಿದರು: ಒಳಗಿನ ಅಳತೆಗಳನ್ನೆಲ್ಲ ಕೂಡಿದರೆ ಹೊರಗಿನ ಮೊತ್ತ ಬರುತ್ತಿರಲಿಲ್ಲ.

ಸಹಪಾಠಿ ಮಿತ್ರರಲ್ಲಿ ಒಂದು ಅರಿಕೆ. ದೊಡ್ಡಮಳೂರಿನ ಅಪ್ರಮೇಯ ದೇವಾಲಯ, ಮಾಗಡಿಯ ಸೋಮೇಶ್ವರ ದೇವಾಲಯ ನಮ್ಮ ಸಮೀಪದಲ್ಲಿಯೇ ಇವೆ. ಅಷ್ಟು ದೊಡ್ಡದಕ್ಕೆ ಈಗಲೇ ಕೈ ಹಾಕುವುದು ಬೇಡ. ನಿಮ್ಮೂರ ಮಂಟಪ, ಬಾವಿಕಟ್ಟೆ, ಅಜ್ಜಿಯ ಮನೆಯ ತೊಟ್ಟಿ, ಯಾವುದಾದರೂ ಸರಿ, ಒಂದನ್ನು ಅಳೆದು ಬರೆಯಿರಿ. ಮೂಲೆಯಿಂದ ಮೂಲೆಗೆ ಟೇಪು ಹಿಡಿಯಲು ಮಾತ್ರ ಮರೆಯಬೇಡಿ.