ಹೊಸಮನೆಯ ಸುತ್ತಣ ನೀರು

ಗೃಹಪ್ರವೇಶವಾದೊಡನೆ ಮನೆಯ ಕೆಲಸವು ಪೂರೈಸಿತೆಂದು ತಿಳಿಯುವ ಗೃಹಸ್ಥರು ಬಹುಮಂದಿ. ಮಂಗಳೂರಿನ ಕುದ್ರೋಳಿಯಂತಹ ಸ್ಥಳದಲ್ಲಿ ಈ ಎಣಿಕೆಯು ಮೊದಲನೆಯ ಮಳೆಗಾಲದಲ್ಲಿಯೇ ಸುಳ್ಳಾಗುವುದು. ಗುರುಪುರ ಹೊಳೆಯೂ ಸಮುದ್ರವೂ ಅಲ್ಲಿಗೆ ಸಮೀಪ. ಮಳೆಯು ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಗಿಲು. 1,000 ಚದರ ಅಡಿಯ ಮಾಡಿನ ಮೇಲೆ ಒಂದೇ ಇಂಚು ಮಳೆ ಬಿದ್ದರೂ ಸುಮಾರು 2,360 ಲೀಟರು ನೀರು ಇಳಿಯುವುದು. ಸೂರಿನಿಂದ ಒಂದೇ ಗೆರೆಯಲ್ಲಿ ಬೀಳುವ ಈ ನೀರು ನೆಲವನ್ನು ಕೊರೆದು, ಕೆಸರನ್ನು ಕೆಂಪುಕಲ್ಲಿನ ಗೋಡೆಗೆ ಸಿಡಿಸಿ, ಅಡಿಪಾಯಕ್ಕೆ ಇಂಗುವುದು. ಬಳಿಕ ಗಾರೆಯು ಉದುರುವುದು. ಬಾಗಿಲಿನ ದಾರಂದಕ್ಕೆ ಗೆದ್ದಲು ಹತ್ತುವುದು.

ಆದುದರಿಂದ ಗೋಡೆಗೆ ಬಣ್ಣ ಬಳಿಯುವುದಕ್ಕೆ ಮೊದಲೇ ಮನೆಯ ಸುತ್ತಲೂ ಮೂರಡಿ ಅಗಲಕ್ಕೆ ಕಲ್ಲು ಹಾಸಿ, ಹೊರಗಡೆಗೆ ಎರಡು ಇಂಚು ಇಳಿಜಾರು ಕೊಡತಕ್ಕದ್ದು. ಸೂರಿನ ನೀರು ಈ ಹಾಸಿನ ಮೇಲೆಯೇ ಬೀಳಬೇಕು. ಅದರಾಚೆ ಚರಂಡಿಯಿರಲಿ, ಅದರ ಬಾಯಿಯು ನೆರೆಯವರ ಅಂಗಳಕ್ಕೆ ತೆರೆಯದಿರಲಿ. ಊರಿನಲ್ಲಿ ಎಷ್ಟೋ ವ್ಯಾಜ್ಯಗಳಿಗೆ ಇದೇ ಮೂಲವೆಂಬುದನ್ನು ಗ್ರಾಮದ ಹಿರಿಯರು ಬಲ್ಲರು. ಬಚ್ಚಲಿನ ನೀರನ್ನು ಬಾವಿಯಿಂದ ದೂರಕ್ಕೊಯ್ದು ಬಾಳೆಯ ಬುಡಕ್ಕೆ ಹರಿಸಬಹುದು.

ಉತ್ಸಾಹದಿಂದ ತೆಂಗಿನ ಸಸಿಯನ್ನು ಗೋಡೆಯ ಮಗ್ಗುಲಲ್ಲಿಯೇ ನೆಡುವವರುಂಟು. ಬೆಳೆದ ಮರದ ಮಡಲು ಹದಿನೈದು ಅಡಿಯನ್ನೂ ಮೀರುವುದರಿಂದ, ಇಪ್ಪತ್ತಡಿಯಾದರೂ ದೂರವಿರಬೇಕು; ಇಲ್ಲವಾದರೆ ಕಾಯಿ ಬಿದ್ದಂತೆಲ್ಲ ಹಂಚು ಒಡೆಯುವುದು.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೊಡಗಿದಂದಿನಿಂದ ಪ್ರಸಿದ್ಧವಾದ ಈ ಹಂಚುಗಳು ಒಂದಕ್ಕೊಂದು ಕಚ್ಚಿ ಕೂರುವಂಥವು. ಬೇರೆ ಅಚ್ಚಿನ ಹಂಚು ನಡುವೆ ಸರಿಯಾಗಿ ಕೂರದೆ ಸೋರುವುದು. ಮಾಡು ಹೊದಿಸುವಾಗಲೇ ಅದೇ ಅಚ್ಚಿನ ಇಪ್ಪತ್ತೈದು ಹಂಚುಗಳನ್ನು ಕೊಟ್ಟಿಗೆಯಲ್ಲಿ ಎತ್ತಿಟ್ಟು, ಪ್ರತಿವರ್ಷ ಮೇ ತಿಂಗಳಿನಲ್ಲಿ ತರಗೆಲೆ ಗುಡಿಸುವಾಗ ಒಡೆದವನ್ನು ಬದಲಿಸತಕ್ಕದ್ದು.