ಹಾಫ್ ಕ್ಲಚ್‌ನ ಬಿಸಿ ಲೆಕ್ಕ
ಘಾಟಿ ಏರಲ್ಲಿ ಬ್ರೇಕ್ ಹಾಕದೆ ಹಾಫ್ ಕ್ಲಚ್‌ನಲ್ಲೇ ಕಾರನ್ನು ನಿಲ್ಲಿಸಿಕೊಂಡಿದ್ದೀವಿ ಅಂದ್ಕೊಳ್ಳೋಣ. ಕಾರು 1000 ಕೆಜಿ, ಏರು 10 ಮೀಟರಿಗೆ 1 ಮೀಟರ್. ಫಸ್ಟ್ ಗೇರಲ್ಲಿ ಕ್ಲಚ್ ಹೊರಬೇಕಾದ ಟಾರ್ಕ್ ಸುಮಾರು 20 ನ್ಯೂಟನ್ ಮೀಟರ್. ಇಂಜಿನ್ 1500 ಆರ್‌ಪಿಎಂ, ಅಂದ್ರೆ ಸೆಕೆಂಡಿಗೆ 157 ರೇಡಿಯನ್. ಎರಡನ್ನೂ ಗುಣಿಸಿದರೆ 3 ಕಿಲೋವ್ಯಾಟ್‌ಗಿಂತ ಜಾಸ್ತಿ! ಕಾರು ಅಲುಗಾಡ್ತಿಲ್ಲ, ಹಾಗಾಗಿ ಅಷ್ಟೂ ಶಾಖವೇ. 1500 ವ್ಯಾಟಿನ ಎರಡು ನೀರು ಕಾಯಿಸೋ ಕಾಯಿಲ್ (ಹಾಸ್ಟೆಲಲ್ಲಿ ನಿಷೇಧ, ಗೊತ್ತು) ಕ್ಲಚ್ ಒಳಗಿಟ್ಟ ಹಾಗೆ.

ನಾವು ಓದುವ ಯೂನಿಫಾರ್ಮ್ ವೇರ್ ಲೆಕ್ಕದಲ್ಲಿ ಮ್ಯೂ ಸ್ಥಿರ. ಎಕ್ಸಾಮಿಗೆ ಅದು ಸಾಕು, ಗಾಡಿಗೆ ಸಾಲದು. ಲೈನಿಂಗ್ ಮಿತಿಮೀರಿ ಬಿಸಿಯಾದರೆ ಮ್ಯೂ ಇಳಿಯುತ್ತೆ, ಅದೇ ಒತ್ತಡಕ್ಕೆ ಕ್ಲಚ್ ಇನ್ನಷ್ಟು ಜಾರುತ್ತೆ, ಮತ್ತಷ್ಟು ಬಿಸಿ, ಮತ್ತಷ್ಟು ಸವೆತ. ಅದಕ್ಕೇ ಟೆಸ್ಟ್ ರಿಗ್‌ನಲ್ಲಿ ಲೈನಿಂಗ್ ದಪ್ಪ ಅಳೆಯೋದರ ಜೊತೆಗೆ ಪ್ರೆಷರ್ ಪ್ಲೇಟಿಗೆ ಥರ್ಮೋಕಪಲ್ ಕೂಡ ಕೂರಿಸ್ತಾರೆ.