ಬಾಯಿಯ ಬಿಳಿ ಮಚ್ಚೆಯನ್ನು ಕಡೆಗಣಿಸಬಾರದು

ಅಡಿಕೆ ಬೆಳೆಯುವ ನಾವೇ ಅಡಿಕೆಯ ಕೆಡುಕನ್ನು ಬರೆಯುವುದು ಕೆಲವು ಸದಸ್ಯರಿಗೆ ಸರಿತೋರದಿರಬಹುದು. ಆದರೆ ನಮ್ಮ ಮನೆಗಳಲ್ಲಿಯೇ ಕವಳ ಹಾಕುವವರು ಬಹಳ ಮಂದಿ ಇರುವುದರಿಂದ ಸುಮ್ಮನಿರುವುದು ಉಚಿತವಲ್ಲವೆಂದು ಭಾವಿಸಿದ್ದೇವೆ.

ಬಾಯಿಯ ಕ್ಯಾನ್ಸರು ಸಾಮಾನ್ಯವಾಗಿ ವರ್ಷಗಟ್ಟಲೆ ಕಾಲ ತೆಗೆದುಕೊಂಡು ಬರುವ ರೋಗ. ಹೊಗೆಸೊಪ್ಪು, ಅಡಿಕೆ, ಸುಣ್ಣಗಳ ರಸ ಒಂದೇ ಜಾಗಕ್ಕೆ ತಾಗುತ್ತಿದ್ದರೆ ಅಲ್ಲಿನ ಜೀವಕೋಶಗಳು ಮತ್ತೆ ಮತ್ತೆ ಗಾಸಿಗೊಂಡು, ಹೊಸದಾಗಿ ಹುಟ್ಟುವ ಕೋಶಗಳಲ್ಲಿ ದೋಷಗಳು ಸೇರುತ್ತ ಹೋಗುತ್ತವೆ. ಆಗ ಉಜ್ಜಿದರೂ ಹೋಗದ ಬಿಳಿ ಮಚ್ಚೆ ಮೂಡಬಹುದು. ವೈದ್ಯರು ಇದಕ್ಕೆ ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರಾಗುವುದಿಲ್ಲ. ಚಟ ಬಿಟ್ಟರೆ ಕೆಲವು ಮಾಯವೂ ಆಗುತ್ತವೆ. ಬಿಳಿಯ ನಡುವೆ ಕೆಂಪು ಕಾಣಿಸಿದರೆ ಅಥವಾ ಮಖಮಲ್ಲಿನಂತಹ ಕೆಂಪು ಮಚ್ಚೆ ಎದ್ದರೆ ಅಪಾಯ ಹೆಚ್ಚು. ಕೆಟ್ಟ ಕೋಶಗಳು ಮೇಲ್ಪದರವನ್ನು ದಾಟಿ ಕೆಳಗಿನ ಮಾಂಸಕ್ಕೆ ಇಳಿದವೆಂದರೆ ಅದು ಕ್ಯಾನ್ಸರು. ಮುಂದೆ ಕುತ್ತಿಗೆಯ ಗ್ರಂಥಿಗಳಿಗೂ ಹಬ್ಬುತ್ತದೆ.

ಹೊಗೆಸೊಪ್ಪಿಲ್ಲದ ಕವಳದಿಂದ ಏನೂ ಆಗದೆಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಇದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯ ಅರೆಕೋಲಿನ್ ಮತ್ತು ತಾಮ್ರದ ಅಂಶದಿಂದ ಕೆನ್ನೆಯ ಒಳಪದರದಡಿ ನಾರು ಬೆಳೆದು ಬಿಗಿಯುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಒಳಕೆನ್ನೆ ಬಿಳಿಚುವುದು, ಬರಬರುತ್ತ ಬಾಯಿ ತೆರೆಯಲಾಗದೆ ತುತ್ತು ಇಡುವುದೇ ಕಷ್ಟ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಚಟ ಬಿಟ್ಟರೂ ಈ ನಾರು ಪೂರ್ತಿ ಕರಗದು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂತಹ 66 ರೋಗಿಗಳನ್ನು 17 ವರ್ಷ ಗಮನಿಸಿ 1985ರಲ್ಲಿ ಪ್ರಕಟಿಸಿದ ವರದಿಯಂತೆ 5 ಮಂದಿಗೆ ಕ್ಯಾನ್ಸರು ಬಂದಿತು. ಗುಟ್ಕಾ, ಪಾನ್ ಮಸಾಲೆಯ ಪೊಟ್ಟಣ ಹಿಡಿದ ಹುಡುಗರಲ್ಲಿ ಈ ರೋಗ ಕವಳದವರಿಗಿಂತ ಬೇಗ ಕಾಣಿಸಿಕೊಳ್ಳುತ್ತದೆ.

ಈ ಹಂತಗಳಲ್ಲಿ ನೋವು ಇರುವುದೇ ಅಪರೂಪ. ಅಣಬೆ ರೋಗದ ಮರ ಮೇಲೆ ಹಸಿರಾಗಿದ್ದೂ ಬೇರಿನಲ್ಲಿ ಕೊಳೆತಿರುವುದನ್ನು ಕಂಡ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕವಳ ಹಾಕುವವರು ತಿಂಗಳಿಗೊಮ್ಮೆ ಬಿಸಿಲ ಬೆಳಕಿನಲ್ಲಿ ಕನ್ನಡಿ ಹಿಡಿದು ಎರಡೂ ಕೆನ್ನೆ, ವಸಡು, ನಾಲಗೆಯ ಬದಿ ಹಾಗೂ ಅಡಿಯನ್ನು ನೋಡಿಕೊಳ್ಳಬೇಕು. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಲಾಗದಿದ್ದರೆ, ಮಚ್ಚೆ ಕಂಡರೆ, ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ ದಂತವೈದ್ಯರಲ್ಲಿಗೆ ಹೋಗಬೇಕು. ಅವರು ಪರೀಕ್ಷೆಗೆಂದು ಚೂರು ಮಾಂಸ ತೆಗೆಯಬಹುದು. ಚೂರು ತೆಗೆದರೆ ರೋಗ ಹರಡುತ್ತದೆಂಬ ಹೆದರಿಕೆಗೆ ಆಧಾರವಿಲ್ಲ.